ಜ್ವರದ ಸೆಳವು ಮತ್ತು ಎಳೆಯ ಮಕ್ಕಳ ಊಟ

ಶಿವಮೊಗ್ಗದ ವಿದ್ಯಾನಗರದಲ್ಲಿ ನಮಗೆ ಬಹುಕಾಲದಿಂದ ಪರಿಚಿತವಾದ ಒಂದು ಮನೆಯಿದೆ. ಯಜಮಾನರು ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕೆಲವು ವರ್ಷಗಳ ಹಿಂದಿನ ಮಾತು. ಆಷಾಢದ ಮಳೆ ಹಿಡಿದಿದ್ದ ಒಂದು ರಾತ್ರಿ, ಸಂಜೆಯಿಂದ ಸ್ವಲ್ಪ ನೆಗಡಿಯಾಗಿದ್ದ ಒಂದೂವರೆ ವರ್ಷದ ಮೊಮ್ಮಗ ಇದ್ದಕ್ಕಿದ್ದಂತೆ ಕಣ್ಣು ಮೇಲಕ್ಕೆ ಸಿಕ್ಕಿಸಿ, ಕೈಕಾಲು ಸೆಟೆದು ಅದುರತೊಡಗಿದ. ತುಟಿ ನೀಲಿಗಟ್ಟಿತು. ಮೈ ಮುಟ್ಟಿ ನೋಡಿದಾಗಲೇ ಕೆಂಡದಂತೆ ಜ್ವರವಿರುವುದು ಮನೆಯವರ ಅರಿವಿಗೆ ಬಂದಿತು. ಅಜ್ಜಿ ಕಬ್ಬಿಣದ ಬೀಗದ ಕೈಯನ್ನು ಕೂಸಿನ ಮುಷ್ಟಿಗೆ ತುರುಕಿದರು. ಸೋದರಮಾವ ಹಲ್ಲುಗಳ ನಡುವೆ ಚಮಚ ತೂರಿಸಿದರು; ಒಸಡು ಹರಿದು ರಕ್ತ ಬಂದಿತು. ಎರಡು ಮೂರು ನಿಮಿಷಗಳಲ್ಲಿ ಸೆಳವು ನಿಂತು, ಮಗು ಅತ್ತು, ಹಾಗೆಯೇ ನಿದ್ರೆ ಹೋಯಿತು. ಬೀಗದ ಕೈಯೇ ಕೂಸನ್ನು ಉಳಿಸಿತೆಂದು ಅಜ್ಜಿ ನಂಬಿದರು. ಆ ಸೆಳವು ಕೀಲಿ ಇರಲಿ ಇಲ್ಲದಿರಲಿ ನಿಲ್ಲುತ್ತಿತ್ತು.

ಹಿರಿಯರು ಬಾಲಗ್ರಹವೆಂದು ಹೆದರುತ್ತಿದ್ದುದು ಬಹುಮಟ್ಟಿಗೆ ಇದನ್ನೇ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ, ನೂರಕ್ಕೆ ಎರಡರಿಂದ ಐದು ಮಂದಿಗೆ, ಜ್ವರದೊಡನೆ ಇಂತಹ ಸೆಳವು ಒಮ್ಮೆಯಾದರೂ ಕಾಣಿಸಿಕೊಳ್ಳುತ್ತದೆ. ಒಂದರಿಂದ ಒಂದೂವರೆ ವರ್ಷದ ನಡುವೆ ಹೆಚ್ಚು. ತಂದೆ ತಾಯಿಯರಿಗೋ ಅಕ್ಕ ಅಣ್ಣಂದಿರಿಗೋ ಎಳವೆಯಲ್ಲಿ ಬಂದಿದ್ದರೆ ಸಂಭವ ಇನ್ನೂ ಅಧಿಕ. ಬೆಳೆಯುತ್ತಿರುವ ಮಿದುಳು ಏರುವ ಕಾವಿಗೆ ತೋರುವ ಪ್ರತಿಕ್ರಿಯೆ ಇದು. ಮೈಯೆಲ್ಲ ಅದುರಿ, ಹದಿನೈದು ನಿಮಿಷದೊಳಗೆ ನಿಂತು, ಆ ದಿನದಲ್ಲಿ ಮರುಕಳಿಸದಿದ್ದರೆ ಅದನ್ನು ವೈದ್ಯರು ಸರಳ ಸೆಳವೆನ್ನುತ್ತಾರೆ. ಇದರಿಂದ ಮಗುವಿನ ಬುದ್ಧಿ ಕುಂದುವುದಿಲ್ಲ. ಮುಂದೆ ಅಪಸ್ಮಾರ ಬರುವ ಸಾಧ್ಯತೆ ಇತರ ಮಕ್ಕಳಿಗಿಂತ ತುಸು ಹೆಚ್ಚು, ಅಷ್ಟೇ. ಬಹುತೇಕ ಮಕ್ಕಳಿಗೆ ಅದು ಬರುವುದೇ ಇಲ್ಲ.

ಆ ಮನೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 7.8 ಗ್ರಾಂ ಇದ್ದಿತು. ಆ ವಯಸ್ಸಿಗೆ ಹನ್ನೊಂದರ ಆಸುಪಾಸಿನಲ್ಲಿರಬೇಕಾದುದು. ಮಗು ಏನು ಉಣ್ಣುತ್ತದೆಂದು ವೈದ್ಯರು ಕೇಳಿದರು. "ಊಟಕ್ಕೆ ಮೊಂಡು, ಆದರೆ ಹಾಲಿಗೇನೂ ಕೊರತೆಯಿಲ್ಲ, ದಿನಕ್ಕೆ ಒಂದು ಲೀಟರಿನವರೆಗೆ ಕುಡಿಯುತ್ತದೆ" ಎಂದು ತಾಯಿ ಹೆಮ್ಮೆಯಿಂದಲೇ ಹೇಳಿದರು. ಕಾರಣ ಅದರಲ್ಲಿಯೇ ಇದ್ದಿತು.

ಹಾಲು ಅಮೃತವೆಂಬುದು ನಮ್ಮ ಮನೆಗಳ ನಂಬಿಕೆ. ಸುಣ್ಣ, ಸಸಾರಜನಕ, ಬಿ12 ಜೀವಸತ್ವಗಳ ಮಟ್ಟಿಗೆ ಅದು ನಿಜವೂ ಹೌದು. ಕಬ್ಬಿಣಾಂಶ ಮಾತ್ರ ಒಂದು ಲೀಟರ್ ಹಸುವಿನ ಹಾಲಿನಲ್ಲಿ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಹೊಟ್ಟೆ ತುಂಬ ಹಾಲು ಕುಡಿದ ಮಗು ಅನ್ನ, ಬೇಳೆ, ಸೊಪ್ಪಿನ ಕಡೆ ತಿರುಗಿಯೂ ನೋಡುವುದಿಲ್ಲ. ಹಾಲು ಇತರ ಆಹಾರದಲ್ಲಿನ ಕಬ್ಬಿಣಾಂಶ ಹೀರಲ್ಪಡುವುದಕ್ಕೂ ಅಡ್ಡಿಯಾಗುತ್ತದೆ. ತಾಯಿಯ ಗರ್ಭದಿಂದ ತಂದ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ತೀರುತ್ತ ಬರುತ್ತದೆ. ಅಲ್ಲಿಂದ ಮುಂದೆ ಎದೆಹಾಲಿನ ಜೊತೆಗೆ ತಟ್ಟೆಯ ಆಹಾರವೇ ಅದನ್ನು ಒದಗಿಸಬೇಕು. ಸರಿಯಾಗಿ ಸೆಳವಿನ ಭಯವಿರುವ ವಯಸ್ಸೂ ಅದೇ.

ರಕ್ತದಲ್ಲಿ ಕಬ್ಬಿಣ ಕಡಿಮೆಯಿರುವುದಕ್ಕೂ ಜ್ವರದ ಸೆಳವಿಗೂ ಸಂಬಂಧವಿದೆಯೆ? ನಮ್ಮ ದೇಶದಲ್ಲಿಯೂ ಹೊರಗೂ ನಡೆದ ಹಲವು ಅಧ್ಯಯನಗಳಲ್ಲಿ, ಬರಿಯ ಜ್ವರ ಬಂದ ಮಕ್ಕಳಿಗಿಂತ ಜ್ವರದೊಡನೆ ಸೆಳವು ಬಂದ ಮಕ್ಕಳಲ್ಲಿ ಕಬ್ಬಿಣದ ಕೊರತೆ ಹೆಚ್ಚಾಗಿ ಕಂಡುಬಂದಿದೆ. ಎಲ್ಲ ಅಧ್ಯಯನಗಳೂ ಒಂದೇ ಮಾತನ್ನು ಹೇಳುವುದಿಲ್ಲ. ಮಿದುಳಿನ ನರಕೋಶಗಳು ಪರಸ್ಪರ ಸಂದೇಶ ಕಳಿಸಲು ಬಳಸುವ ರಸಗಳ ತಯಾರಿಕೆಗೆ ಕಬ್ಬಿಣ ಬೇಕೆಂಬುದಂತೂ ಸಿದ್ಧವಾದ ಸಂಗತಿ. ಆದುದರಿಂದ ಸಂಬಂಧವಿರುವುದು ಆಶ್ಚರ್ಯವಲ್ಲ. ಹಾಗೆಂದು ಕಬ್ಬಿಣದ ಔಷಧಿ ಕುಡಿಸಿದರೆ ಸೆಳವು ಬಾರದೆಂದು ಯಾರೂ ಭರವಸೆ ಕೊಡಲಾರರು. ಸೆಳವಿನ ಮಾತು ಬದಿಗಿರಲಿ, ರಕ್ತಹೀನತೆಯೇ ಮಗುವಿನ ಕಲಿಕೆಗೂ ಬೆಳವಣಿಗೆಗೂ ಶತ್ರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65.5 ಮಂದಿಗೆ ರಕ್ತಹೀನತೆಯಿದ್ದುದು ಕಂಡುಬಂದಿತು. ಇದು ಬಡವರ ಮನೆಯ ಲೆಕ್ಕವೆಂದು ಯಾರೂ ಭಾವಿಸಬೇಕಾಗಿಲ್ಲ. ಕೆಮ್ಮಣ್ಣುಗುಂಡಿಯ ಅದಿರನ್ನು ತಂದು 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯ ಮಗ್ಗುಲಲ್ಲಿಯೇ ನಮ್ಮ ಮಕ್ಕಳ ರಕ್ತದಲ್ಲಿ ಕಬ್ಬಿಣವಿಲ್ಲವೆಂದು ಆ ಯಜಮಾನರು ನೊಂದು ನಕ್ಕರು.

ನಾವು ಸಸ್ಯಾಹಾರಿಗಳು. ಕಾಳು, ಸೊಪ್ಪುಗಳಲ್ಲಿನ ಕಬ್ಬಿಣ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಅದನ್ನು ದಕ್ಕಿಸಿಕೊಳ್ಳುವ ಉಪಾಯ ಅಡುಗೆಮನೆಯಲ್ಲಿಯೇ ಇದೆ. ರಾಗಿ, ಹೆಸರುಕಾಳುಗಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡಿಟ್ಟುಕೊಂಡರೆ ಕಬ್ಬಿಣವನ್ನು ಹಿಡಿದಿಡುವ ಅಂಶ ಕಡಿಮೆಯಾಗುತ್ತದೆ. ನಮ್ಮ ಅಜ್ಜಿಯಂದಿರ ರಾಗಿಸರಿ ಇದೇ ಅಲ್ಲವೆ! ಬೇಯಿಸಿ ಮಸೆದ ದಂಟಿನ ಸೊಪ್ಪು, ನುಗ್ಗೆಸೊಪ್ಪು, ತೊಗರಿಬೇಳೆ, ಅಲಸಂದೆಗಳಿಗೆ ಒಲೆಯಿಂದ ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣ ಎಷ್ಟೋ ಚೆನ್ನಾಗಿ ಮೈಗೂಡುತ್ತದೆ. ಸೀಬೆ, ನೆಲ್ಲಿಕಾಯಿಗಳೂ ಅದೇ ಕೆಲಸ ಮಾಡುತ್ತವೆ. ಒಗ್ಗರಣೆಗೆ ಕಬ್ಬಿಣದ ಬಾಣಲೆಯನ್ನೇ ಬಳಸಿ. ಕೂಸಿಗೆ ಚಹಾ, ಕಾಫಿಯ ರುಚಿ ಹತ್ತಿಸಲೇಬಾರದು. ಬೆಲ್ಲದಿಂದಲೇ ರಕ್ತವಾಗುತ್ತದೆಂಬ ಮಾತನ್ನು ನಂಬಿ ಕೂರಬೇಡಿ. ಒಂದು ವರ್ಷ ತುಂಬುವವರೆಗೆ ಎದೆಹಾಲಿನ ಬದಲು ಹಸುವಿನ ಹಾಲು ಬೇಡ. ಆಮೇಲೆ ದಿನಕ್ಕೆ ಅರ್ಧ ಲೀಟರಿಗೆ ಮೀರದಿರಲಿ. ಹಾಲುಣಿಸುವ ತಾಯಿಯೂ ಮೊಸರು, ಮಜ್ಜಿಗೆ ಬಿಡಬಾರದು. ಆಕೆಯಲ್ಲಿ ಬಿ12 ಕಡಿಮೆಯಿದ್ದರೆ ಎದೆಹಾಲನ್ನೇ ನೆಚ್ಚಿದ ಕೂಸು ಮಂಕಾಗಿ, ಕೈಕಾಲು ನಡುಗುವುದುಂಟು.

2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆರಡು ಬಾರಿ ಒಂದು ಮಿಲಿಲೀಟರ್ ಕಬ್ಬಿಣದ ಸಿರಪ್ ಗೊತ್ತುಪಡಿಸಲಾಗಿದೆ. ಅಂಗನವಾಡಿಯಲ್ಲಿಯೋ ಆಶಾ ಕಾರ್ಯಕರ್ತೆಯನ್ನೋ ವಿಚಾರಿಸಲು ಸಂಕೋಚ ಬೇಡ. ಮಲ ಕಪ್ಪಾದರೆ ಗಾಬರಿಯಾಗಬಾರದು. ಜ್ವರ, ಭೇದಿಗಳಿರುವ ದಿನಗಳಲ್ಲಿ ಇದನ್ನು ನಿಲ್ಲಿಸಿ, ಚೇತರಿಸಿದ ಮೇಲೆ ಮುಂದುವರಿಸಬೇಕು. ಈಗಾಗಲೇ ರಕ್ತಹೀನತೆ ಬಲಿತಿದ್ದರೆ ಪ್ರಮಾಣ ಬೇರೆ. ಅದನ್ನು ವೈದ್ಯರೇ ಹೇಳಬೇಕು.

ಮೂರು ತಿಂಗಳ ಔಷಧಿ, ಊಟಗಳಿಂದ ಆ ಮಗುವಿನ ಹಿಮೋಗ್ಲೋಬಿನ್ ಹನ್ನೊಂದಕ್ಕೇರಿತು. ಕೆನ್ನೆಗೆ ಬಣ್ಣ ಬಂದಿತು, ಊಟಕ್ಕೆ ತಾನೇ ಬಂದು ಕೂರತೊಡಗಿದ. ಆದರೂ ಮರುವರ್ಷದ ಜ್ವರದಲ್ಲಿ ಮತ್ತೊಮ್ಮೆ ಸೆಳವು ಬಂದಿತು. "ಇಷ್ಟೆಲ್ಲ ಮಾಡಿಯೂ ಏನು ಫಲ?" ಎಂದು ತಾಯಿ ಅತ್ತರು. ಒಮ್ಮೆ ಸೆಳವು ಕಂಡ ಮಕ್ಕಳಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೆ ಅದು ಮರುಕಳಿಸುತ್ತದೆ; ಆಕೆಯ ಆರೈಕೆಯಲ್ಲಿ ಲೋಪವೇನೂ ಇರಲಿಲ್ಲ. ಪ್ಯಾರಸಿಟಮಾಲ್ ಕೂಡ ಜ್ವರದ ಸಂಕಟವನ್ನು ಇಳಿಸುತ್ತದೆಯೇ ಹೊರತು ಸೆಳವನ್ನು ತಡೆಯುವುದಿಲ್ಲ. ಈ ಬಾರಿ ಮನೆಯವರು ಮಾಡಿದ್ದನ್ನು ಮಾತ್ರ ಮೆಚ್ಚಬೇಕು. ಚಮಚ, ಕೀಲಿ, ಈರುಳ್ಳಿ ಒಂದೂ ಹೊರಬರಲಿಲ್ಲ. ಮಗುವನ್ನು ಚಾಪೆಯ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಕೊರಳ ಗುಂಡಿ ಬಿಚ್ಚಿ, ಬಾಯಿಗೆ ನೀರನ್ನೂ ಔಷಧಿಯನ್ನೂ ಹಾಕದೆ, ಕೈಕಾಲು ಅದುಮಿ ಹಿಡಿಯದೆ, ಅಜ್ಜ ಗಡಿಯಾರ ನೋಡುತ್ತ ಕುಳಿತರು. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ 108ಕ್ಕೆ ಕರೆಮಾಡಬೇಕೆಂದು ಅವರಿಗೆ ತಿಳಿದಿತ್ತು. ನಾಲ್ಕನೆಯ ನಿಮಿಷಕ್ಕೆ ನಿಂತಿತು. ಬೆಳಿಗ್ಗೆ ವೈದ್ಯರಿಗೆ ತೋರಿಸಿದರು.

ಮೊದಲ ಬಾರಿ ಸೆಳವು ಬಂದಾಗಲಂತೂ ಅದು ನಿಂತಿತೆಂದು ಮನೆಯಲ್ಲಿ ಉಳಿಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜ್ವರದೊಡನೆ ಬಂದುದೆಲ್ಲ ಈ ನಿರುಪದ್ರವಿ ಸೆಳವೇ ಆಗಿರಬೇಕೆಂದಿಲ್ಲ. ಸೆಳವು ನಿಂತ ಮೇಲೂ ಮಗುವಿಗೆ ಎಚ್ಚರ ಬಾರದಿದ್ದರೆ, ಕುತ್ತಿಗೆ ಬಿಗಿದಿದ್ದರೆ, ಮತ್ತೆಮತ್ತೆ ವಾಂತಿಯಾಗುತ್ತಿದ್ದರೆ, ಒಂದೇ ಪಕ್ಕದ ಕೈಕಾಲು ಮಾತ್ರ ಅದುರಿದರೆ, ಇಲ್ಲವೆ ಮಗುವಿಗೆ ಆರು ತಿಂಗಳೂ ತುಂಬಿಲ್ಲದಿದ್ದರೆ ಮಿದುಳಿನ ಸೋಂಕಿನ ಶಂಕೆ ಬರಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಹೊಸ ಜ್ವರವೊಂದನ್ನು ಕಂಡ ಜಿಲ್ಲೆ ನಮ್ಮದು. ಕಾಡಂಚಿನ ಊರಿಗೆ ಹೋಗಿಬಂದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಬರೆ ಎಳೆಯುವುದನ್ನು ಯಾರಾದರೂ ಸೂಚಿಸಿದರೆ ಅವರನ್ನು ಬಾಗಿಲಿನಿಂದಲೇ ಕಳಿಸಿಬಿಡಿ.

ಸೆಳವು ಬಂದ ಮಗುವಿಗೆ ಲಸಿಕೆ ಹಾಕಿಸಬಾರದೆಂಬ ಅಂಜಿಕೆ ಹಲವರಲ್ಲಿದೆ. ಸರಳ ಸೆಳವಿಗಾಗಿ ಲಸಿಕೆ ನಿಲ್ಲಿಸಬೇಕಾಗಿಲ್ಲ. ದಡಾರದ ಲಸಿಕೆಯಿಂದ ಒಂದು ವಾರದ ಬಳಿಕ ಜ್ವರ ಕಾಣಿಸಬಹುದಾದುದರಿಂದ, ಮೊದಲೇ ವೈದ್ಯರಿಗೆ ವಿಷಯ ತಿಳಿಸಿ, ಮಗುವಿನ ತೂಕಕ್ಕೆ ತಕ್ಕ ಪ್ಯಾರಸಿಟಮಾಲ್ ಪ್ರಮಾಣವನ್ನು ಬರೆಯಿಸಿಕೊಂಡು ಆ ಚೀಟಿಯನ್ನು ಮನೆಯವರೆಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸಿಡಿ.