ಮೊದಲು ಕೆಡವಿ, ಆಮೇಲೆ ಯೋಚಿಸಿ

ರೈಲು ಬರುತ್ತದೆಂದರೆ ಹಿಗ್ಗುವುದನ್ನು ಬಿಟ್ಟು ತಕರಾರಿನ ಅರ್ಜಿ ಹಿಡಿದು ನಿಲ್ಲುವವರನ್ನು ಕಂಡರೆ ನಮ್ಮ ವಿದ್ಯಾವಂತರಿಗೆ ಒಂದು ಬಗೆಯ ತಾತ್ಸಾರ. “ತಮ್ಮ ಮನೆಯ ಗೋಡೆ ಉಳಿದರೆ ಸಾಕು, ದೇಶ ಏನಾದರೂ ಆಗಲಿ ಎನ್ನುವ ಜನ” ಎಂದು ಒಂದೇ ಮಾತಿನಲ್ಲಿ ತೀರ್ಪು ಮುಗಿದುಹೋಗುತ್ತದೆ. ಹೀಗೆ ತೀರ್ಪು ಕೊಡುವ ಮಹನೀಯರು ಲಂಡನ್ನಿನ ಯೂಸ್ಟನ್ ನಿಲ್ದಾಣದ ಮಗ್ಗುಲಲ್ಲಿರುವ ಕ್ಯಾಮ್ಡೆನ್ ಜನರ ಪಾಡನ್ನು ಒಮ್ಮೆ ಕೇಳಬೇಕು.

ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ, ಅಲ್ಲಿಂದ ಮ್ಯಾಂಚೆಸ್ಟರ್ ಮತ್ತು ಲೀಡ್ಸ್‌ಗಳಿಗೆ ‘ಹೈಸ್ಪೀಡ್ ಎರಡು’ ಎಂಬ ಅತಿವೇಗದ ಮಾರ್ಗ ಹಾಕಬೇಕೆಂದು ಸರಕಾರ ಹೊರಟಿತು. ಅದಕ್ಕಾಗಿ ಯೂಸ್ಟನ್ ಹಿಗ್ಗಬೇಕು; ಅದು ಹಿಗ್ಗಬೇಕಾದರೆ ಪಕ್ಕದವರು ಎದ್ದುಹೋಗಬೇಕು. ಅಲ್ಲಿಯ ಜನಕ್ಕೆ ರೈಲಿನ ಮೇಲೆ ಹಗೆಯೇನೂ ಇರಲಿಲ್ಲ. 1837ರಿಂದಲೂ ಆ ಕೇರಿ ರೈಲಿನ ಹೊಗೆ ಕುಡಿದುಕೊಂಡೇ ಬಾಳಿದೆ. ಅವರಲ್ಲಿ ಹಲವರು ಕೇಳಿದ್ದು ಇಷ್ಟೆ: ಹೊಸ ರೈಲು ಸದ್ಯಕ್ಕೆ ನಗರದ ಪಶ್ಚಿಮದಲ್ಲಿರುವ ಓಲ್ಡ್ ಓಕ್ ಕಾಮನ್ನಿನಲ್ಲೇ ನಿಲ್ಲಲಿ, ಅಲ್ಲಿಂದ ಒಳಕ್ಕೆ ಬರಲು ಬೇರೆ ರೈಲುಂಟು, ಯೂಸ್ಟನ್ನಿನ ವಿಚಾರ ನಿಧಾನವಾಗಿ ತೀರ್ಮಾನವಾಗಲಿ.

ಸಂಸತ್ತಿನ ಸಮಿತಿಯ ಮುಂದೆ ಅಹವಾಲು ಹೇಳಿಕೊಳ್ಳಲು ಅವಕಾಶವಿತ್ತು, ನಿಜ. ಅರ್ಜಿಗೆ 20 ಪೌಂಡ್ ಶುಲ್ಕ, ದುಃಖಕ್ಕೂ ಸ್ಟಾಂಪು! ಮಾರ್ಗದುದ್ದಕ್ಕೂ ಸಾವಿರಕ್ಕೂ ಮಿಕ್ಕಿ ಅರ್ಜಿಗಳು ಬಂದವು. ಆದರೆ ಮಸೂದೆಯ ತತ್ತ್ವವನ್ನು ಸಭೆ 2014ರಲ್ಲೇ ಒಪ್ಪಿಯಾಗಿತ್ತು. ರೈಲು ಬೇಕೇ ಬೇಡವೇ ಎಂದು ಸಮಿತಿಯ ಮುಂದೆ ಕೇಳುವಂತಿಲ್ಲ. ಧೂಳೆಷ್ಟು, ಸದ್ದೆಷ್ಟು, ತಡೆಗೋಡೆ ಎಷ್ಟೆತ್ತರ ಎಂದು ಕೇಳಬಹುದು. ಕುರಿಯನ್ನು ಕರೆದು ಯಾವ ಮಸಾಲೆ ಆದೀತೆಂದು ವಿಚಾರಿಸಿದ ಹಾಗೆ.

2017ರಲ್ಲಿ ಕಾನೂನಾಯಿತು. ಆಮೇಲಿನ ಅವಸರ ನೋಡಬೇಕು! ರೀಜೆಂಟ್ಸ್ ಪಾರ್ಕ್ ಎಸ್ಟೇಟಿನಲ್ಲಿ ಬಾಡಿಗೆದಾರರು ತುಂಬಿದ್ದ ಕಟ್ಟಡಗಳು ನೆಲಸಮವಾದವು. ಸೇಂಟ್ ಜೇಮ್ಸ್ ಉದ್ಯಾನಕ್ಕೆ ಬೇಲಿ ಬಿತ್ತು, ಮರಗಳು ಉರುಳಿದವು, ನೆಲದಡಿ ಮಲಗಿದ್ದ ಸಾವಿರಾರು ಮಂದಿ ಮೇಲೆದ್ದು ಬರಬೇಕಾಯಿತು. ಆಸ್ಟ್ರೇಲಿಯದ ಕರಾವಳಿಯನ್ನು ಸುತ್ತಿ ನಕ್ಷೆ ಬರೆದ ಮ್ಯಾಥ್ಯೂ ಫ್ಲಿಂಡರ್ಸನ ಅಸ್ಥಿ 2019ರ ಜನವರಿಯಲ್ಲಿ ಸಿಕ್ಕಿದ್ದು ಹೀಗೆ. ದೋಸೆ, ಭೇಲ್‌ಪುರಿಗಳಿಗೆ ಹೆಸರಾದ ಡ್ರಮಂಡ್ ಬೀದಿಯಲ್ಲಿ, ನಮ್ಮ ದೇಶದ ಕಡೆಯಿಂದ ಹೋದವರು ಬೆಳೆಸಿದ ಹೋಟೆಲುಗಳಿಗೆ ನಿಲ್ದಾಣದ ಕಡೆಯ ದಾರಿ ಮುಚ್ಚಿ ಗಿರಾಕಿ ತಪ್ಪಿತು. ಅಂಗಡಿ ಕೆಡವಿದರೆ ಪರಿಹಾರವೆನ್ನಬಹುದು. ಅಂಗಡಿ ನಿಂತಿದ್ದು ವ್ಯಾಪಾರ ಬಿದ್ದರೆ ಯಾರನ್ನು ಕೇಳುವುದು? ಮನೆ ಕಳೆದುಕೊಂಡ ಕೆಲವರಿಗೆ ಸ್ಥಳೀಯ ಕೌನ್ಸಿಲು ಅದೇ ಎಸ್ಟೇಟಿನಲ್ಲಿ ಬದಲಿ ಮನೆ ಕಟ್ಟಿಕೊಟ್ಟಿತು. ಇದನ್ನು ಮುಚ್ಚಿಟ್ಟು ಬರೆಯುವುದು ನ್ಯಾಯವಲ್ಲ.

ಇಷ್ಟೆಲ್ಲ ಆದ ಮೇಲೆ, 2023ರ ಮಾರ್ಚಿಯಲ್ಲಿ, ಸರಕಾರ ಯೂಸ್ಟನ್ನಿನ ಕೆಲಸ ನಿಲ್ಲಿಸಿತು. 260 ಕೋಟಿ ಪೌಂಡಿನ ನಿಲ್ದಾಣಕ್ಕೆ 480 ಕೋಟಿ ತಗಲುತ್ತದೆಂದು ಆಗ ಲೆಕ್ಕ ಸಿಕ್ಕಿತಂತೆ. ಲೀಡ್ಸಿನ ಕವಲು 2021ರಲ್ಲೇ ಹೋಗಿತ್ತು. 2023ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರೂ ಹೋಯಿತು. ಹೊಸ ರೈಲು ಮೊದಲಿಗೆ ಎಲ್ಲಿಯವರೆಗೆ ಓಡುವುದೆಂದು ತೀರ್ಮಾನವಾಯಿತು ಬಲ್ಲಿರಾ? ಓಲ್ಡ್ ಓಕ್ ಕಾಮನ್ನಿನವರೆಗೆ! ‘ದೇಶದ ಹಿತಕ್ಕೆ ಅಡ್ಡ ಬಂದವರು’ ಕೈಮುಗಿದು ಕೇಳಿದ್ದ ಅದೇ ಜಾಗ.

2024ರ ಅಕ್ಟೋಬರಿನ ಬಜೆಟ್ಟಿನಲ್ಲಿ ಅಲ್ಲಿಂದ ಯೂಸ್ಟನ್ನಿಗೆ ಸುರಂಗ ಕೊರೆಯಲು ಹಣ ಒದಗಿಸಿದರು, ಎಂದಾದರೊಂದು ದಿನ ನಿಲ್ದಾಣವೂ ಆದೀತು ಎಂದು ಸಮಾಧಾನ ಹೇಳುವವರಿದ್ದಾರೆ. ಆಗಲಿ, ಯಾರು ಬೇಡವೆಂದರು? ಹಣ ಕೈಗೆ ಬಂದ ದಿನ ಮನೆ ಕೆಡವಿದ್ದರೆ ಯಾವ ರೈಲು ತಪ್ಪಿಹೋಗುತ್ತಿತ್ತು? ಲೆಕ್ಕ ತಪ್ಪಿದ ಅಧಿಕಾರಿಗಳಿಗೆ ಮತ್ತೊಮ್ಮೆ ಲೆಕ್ಕ ಹಾಕುವ ಅವಕಾಶವುಂಟು. ಲೆಕ್ಕ ಕೇಳಿದ ಬಾಡಿಗೆದಾರನಿಗೆ ಹಳೆಯ ಮನೆ ಮತ್ತೊಮ್ಮೆ ಇಲ್ಲ.

ಫ್ಲಿಂಡರ್ಸನನ್ನು 2024ರ ಜುಲೈಯಲ್ಲಿ ಅವನ ಹುಟ್ಟೂರಾದ ಡಾನಿಂಗ್ಟನ್ನಿನಲ್ಲಿ ಮರ್ಯಾದೆಯಿಂದ ಮತ್ತೆ ಮಣ್ಣು ಮಾಡಿದರು. ಅವನನ್ನು ಎಬ್ಬಿಸಿದ ಜಾಗಕ್ಕೆ ಆ ಹೊತ್ತಿಗೂ ರೈಲು ಬಂದಿರಲಿಲ್ಲ.