ಒಲೆ ಬೇರೆಯಾದ ಮನೆಗಳು: ವ್ಯಕ್ತಿವಾದದ ಚರ್ಚೆಗೆ ಒಂದು ಟಿಪ್ಪಣಿ

ನಗರೀಕರಣದಿಂದ ವ್ಯಕ್ತಿವಾದ ಬೆಳೆಯಿತು, ವ್ಯಕ್ತಿವಾದದಿಂದ ಅವಿಭಕ್ತ ಕುಟುಂಬ ಒಡೆಯಿತು ಎಂಬುದು ಕನ್ನಡ ವಿಮರ್ಶೆಯಲ್ಲಿ ಸಿದ್ಧಸೂತ್ರವಾಗಿದೆ. ಕಾದಂಬರಿಯೊಂದರಲ್ಲಿ ಮನೆ ಪಾಲಾದರೆ ಸಾಕು, ಸಂಶೋಧನ ಪ್ರಬಂಧದಲ್ಲಿ ‘ಮೌಲ್ಯಗಳ ಕುಸಿತ’ ಎಂಬ ಮಾತು ತಾನಾಗಿ ಬಂದು ಕೂರುತ್ತದೆ. ಎಂ.ಎ. ತರಗತಿಯಲ್ಲಿ ನಾನು ಮಂಡಿಸಿದ ಪ್ರಬಂಧವೂ ಇದಕ್ಕೆ ಹೊರತಾಗಿರಲಿಲ್ಲ.

ಸಮಾಜಶಾಸ್ತ್ರವಾದರೋ ಈ ಸೂತ್ರವನ್ನು ಬಹಳ ಹಿಂದೆಯೇ ಅನುಮಾನಿಸಿದೆ. ಗುಜರಾತಿನ ಮಹುವಾ ಪಟ್ಟಣವನ್ನು ಕುರಿತ ಐ.ಪಿ. ದೇಸಾಯಿ ಅವರ ಅಧ್ಯಯನ (1964) ಕುಟುಂಬದ ಒಟ್ಟುತನವನ್ನು ಒಂದೇ ಸೂರಿನಿಂದ ಅಳೆಯದೆ ಆಸ್ತಿ, ಆದಾಯ ಮತ್ತು ಪರಸ್ಪರ ಹೊಣೆಗಳಿಂದ ಅಳೆಯಿತು. ಎ.ಎಂ. ಷಾ 1973ರ ಗ್ರಂಥದಲ್ಲಿ ‘ಕುಟುಂಬ’ ಮತ್ತು ‘ಮನೆವಾಳ್ತೆ’ಗಳನ್ನು ಬೇರ್ಪಡಿಸಿ, ಹಿಂದೆ ಎಲ್ಲರೂ ತುಂಬಿದ ಮನೆಗಳಲ್ಲಿಯೇ ಬಾಳುತ್ತಿದ್ದರೆಂಬ ನಂಬಿಕೆಯನ್ನೇ ಪ್ರಶ್ನಿಸಿದರು. ನಮ್ಮ ಸಾಹಿತ್ಯ ಚರಿತ್ರೆಗಳು ಈ ಚರ್ಚೆಯನ್ನು ಅಷ್ಟಾಗಿ ಒಳಗೆ ಬಿಟ್ಟುಕೊಂಡಿಲ್ಲ.

ದಾವಣಗೆರೆಯ ಮಂಡಿಪೇಟೆಯನ್ನು ನೋಡಬಹುದು. ಅಣ್ಣತಮ್ಮಂದಿರ ಒಲೆಗಳು ಬೇರೆಯಾಗಿ, ಬೇರೆ ಬೇರೆ ಬಡಾವಣೆಗಳಲ್ಲಿ ಮನೆಗಳೆದ್ದರೂ ಅಂಗಡಿಯ ಖಾತೆ ಕೀರ್ದಿ ಒಂದೇ ಆಗಿರುವ ಮನೆತನಗಳು ಇಲ್ಲಿ ಅಪರೂಪವಲ್ಲ. ಜನಗಣತಿಯವರಿಗೆ ಅವು ನಾಲ್ಕು ಕುಟುಂಬಗಳು. ಮದುವೆ, ಸಾವು, ಸಾಲಗಳ ಹೊತ್ತಿನಲ್ಲಿ ಒಂದೇ. ಹರಿಹರದ ಚಿತ್ರ ಬೇರೆ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳ ಜೊತೆಗೆ ತಿಂಗಳ ಸಂಬಳದ ಸಣ್ಣ ಸಂಸಾರಗಳನ್ನೂ ನಿರ್ಮಿಸಿತು. ಆ ಸಂಸಾರಗಳನ್ನು ಕಟ್ಟಿದ್ದು ಯಾವ ವಾದವೂ ಅಲ್ಲ, ಸಂಬಳ. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿದಾಗ, ಊರಲ್ಲಿ ಜಮೀನಿನ ಪಾಲು ಉಳಿದಿದ್ದವರಿಗೆ ‘ಒಡೆದ’ ಕುಟುಂಬವೇ ಆಸರೆಯಾಗಬೇಕಾಯಿತು. ಪಾಲಿಲ್ಲದವರಿಗೆ ಆ ದಾರಿಯೂ ಇರಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ಪಾಲು ಯಾರದು? ಕರ್ನಾಟಕ 1994ರ ತಿದ್ದುಪಡಿಯ ಮೂಲಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಅದಕ್ಕೂ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು, ತಂದೆ ಬದುಕಿರಬೇಕೆಂಬ ನಿಯಮವಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಕಾಯ್ದೆ ಇಷ್ಟು ದೂರ ಬಂದಿದೆ. ಬಾಳು ಬಂದಿಲ್ಲ.

1994ಕ್ಕೆ ಮೊದಲೇ ಮದುವೆಯಾದ ನನ್ನ ಸೋದರತ್ತೆ, ನಮ್ಮ ಮನೆ ಪಾಲಾಗುವಾಗ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರು. ಅಪ್ಪ, ಚಿಕ್ಕಪ್ಪಂದಿರು ಒತ್ತಾಯಿಸಲಿಲ್ಲ. ಒತ್ತಾಯದ ಅಗತ್ಯವೇ ಇರಲಿಲ್ಲ. ಕಾರಿನಲ್ಲಿ ಕರೆತಂದು, ಸೀರೆ ಕುಪ್ಪಸ ಕೊಟ್ಟು ಕಳಿಸಿದರು. ಅಣ್ಣತಮ್ಮಂದಿರು ಪಾಲು ಕೇಳಿದ್ದು ನಮ್ಮ ಮನೆಯಲ್ಲಿ ‘ವ್ಯವಹಾರ’ ಎನಿಸಿಕೊಂಡಿತು. ಅತ್ತೆ ಕೇಳಿದ್ದರೆ ಅದು ಸ್ವಾರ್ಥವಾಗುತ್ತಿತ್ತು, ಪಂಚಮಿಗೆ ಕರೆಯಲು ಯಾರೂ ಹೋಗುತ್ತಿರಲಿಲ್ಲ. ಅಂದು ಆ ಪತ್ರಕ್ಕೆ ಸಾಕ್ಷಿ ಹಾಕಿದವರಲ್ಲಿ ನಾನೂ ಒಬ್ಬ.

ಫ್ರಾನ್ಸಿನ ಡ್ರೇಫಸ್ ಪ್ರಕರಣದ ಕಾವಿನಲ್ಲಿ, 1898ರಲ್ಲಿ, ದುರ್ಖೀಮ್ ಬರೆದ ಲೇಖನವೊಂದು ಈ ದೃಷ್ಟಿಯಿಂದ ಮುಖ್ಯವಾದುದು. ತನ್ನ ಲಾಭವನ್ನಷ್ಟೇ ನೋಡುವ ಅಹಂಕೇಂದ್ರಿತ ನಿಲುವು ಬೇರೆ, ಪ್ರತಿಯೊಬ್ಬರ ವ್ಯಕ್ತಿತ್ವಕ್ಕೂ ಘನತೆಯಿದೆಯೆಂಬ ವ್ಯಕ್ತಿವಾದ ಬೇರೆ ಎಂಬುದು ಅವನ ವಾದ. ಕನ್ನಡದಲ್ಲಿ ನಾವು ಎರಡಕ್ಕೂ ಒಂದೇ ಪದವನ್ನು ಬಳಸಿ, ಮೊದಲನೆಯದರ ಕಳಂಕವನ್ನು ಎರಡನೆಯದಕ್ಕೆ ಹಚ್ಚಿದ್ದೇವೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ (2013) ಕುಟುಂಬ ಒಡೆಯುವುದೇ ಇಲ್ಲ, ಒಟ್ಟಾಗಿರುವುದೇ ಅಲ್ಲಿಯ ಭಯ. ಕುಸಿತದ ಸೂತ್ರ ಹಿಡಿದು ಹೊರಟವನಿಗೆ ಆ ಕೃತಿ ಏನನ್ನೂ ಬಿಟ್ಟುಕೊಡುವುದಿಲ್ಲ.

ತವರಿನ ಹಾಡುಗಳನ್ನು ನಮ್ಮ ಜಾನಪದ ವಿಭಾಗಗಳು ಅಕ್ಕರೆಯಿಂದ ಸಂಗ್ರಹಿಸಿವೆ, ಅವುಗಳ ವಾತ್ಸಲ್ಯವನ್ನು ಕುರಿತು ನೂರಾರು ಪುಟಗಳನ್ನು ಬರೆದಿವೆ. ಪಾಲು ಕೇಳುವ ಅಧಿಕಾರವಿಲ್ಲದ ಹೆಣ್ಣೊಬ್ಬಳು ಅಣ್ಣನ ಬಾಗಿಲನ್ನು ತೆರೆದಿಡಿಸಿಕೊಳ್ಳಲು ಮಾಡಿಕೊಂಡ ಮಾತುಕತೆಯೆಂದು ಅವನ್ನು ಓದಿದರೆ ಏನು ಕಂಡೀತು? ಅತ್ತೆ ಆ ಹಾಡುಗಳಲ್ಲಿ ಕೆಲವನ್ನು ಬಲ್ಲರು. ಧ್ವನಿಮುದ್ರಣಕ್ಕೆಂದು ಕೇಳಿದಾಗಲೆಲ್ಲ, ಈಗ ಬೇಡಪ್ಪ, ಪಂಚಮಿಗೆ ಬಂದಾಗ ನೋಡೋಣ ಎನ್ನುತ್ತಾರೆ.