ಹಳೆಯ ಹಾಡುಯಂತ್ರವನ್ನು ಮತ್ತೆ ಹಾಡಿಸುವದು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಕಡೆಯ ಹಳೆಯ ಮನೆಗಳ ಅಟ್ಟವನ್ನು ಹುಡುಕಿದರೆ ಒಂದು ಹಾಡುಯಂತ್ರವೂ ಒಂದು ಕಟ್ಟು ಧ್ವನಿಮುದ್ರಿಕೆಗಳೂ ದೊರೆತಾವು, ಆಶ್ಚರ್ಯವಿಲ್ಲ. ಇದು ನಾದಕ್ಕೆ ಒಲಿದ ಸೀಮೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದರು. ಗದುಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಮ್ ಖಾನರ ಠುಮರಿಯ ಮುದ್ರಿಕೆಯೊಂದನ್ನು ಕೇಳಿ, ಹಾಗೆ ಹಾಡಬೇಕೆಂಬ ಹಂಬಲದಿಂದ 1933ರಲ್ಲಿ ಮನೆ ಬಿಟ್ಟು ಗುರುವನ್ನರಸುತ್ತ ಹೊರಟ ಸಂಗತಿಯನ್ನು ವಾಚಕರು ಬಲ್ಲರು. ಇಂಥ ವಸ್ತುವನ್ನು ಕಸಕ್ಕೆ ಹಾಕುವ ಮೊದಲು ಎರಡು ಸಾರೆ ವಿಚಾರಿಸುವದು ಲೇಸು.

ಈಚೆಗೆ ಬೆಟಗೇರಿಯ ನೇಕಾರ ಗೆಳೆಯರೊಬ್ಬರು ನಮ್ಮನ್ನು ಮನೆಗೆ ಕರೆದರು. ಅವರ ತೀರ್ಥರೂಪರು ಕೊಂಡಿದ್ದ, 16, 33, 45, 78 ಎಂಬ ನಾಲ್ಕು ವೇಗಗಳುಳ್ಳ ವಿದ್ಯುದ್ಯಂತ್ರವನ್ನು ಅಟ್ಟದಿಂದ ಇಳಿಸಿದ್ದರು. ಖಾನ್‌ಸಾಹೇಬರ ಮುದ್ರಿಕೆಯನ್ನಿಟ್ಟಾಗ ಹಾಡು ನರಳಿದಂತೆಯೂ, ಅದರ ಮೇಲೆ ಒಗ್ಗರಣೆ ಸಿಡಿದಂತೆಯೂ ಕೇಳಿಸಿತು. “ಪ್ಲೇಟ್ ಸವದು ಹೋಗ್ಯಾವ್ರೀ. ರದ್ದಿಗೆ ಹಾಕಬೇಕಂತೀನಿ, ಅವ್ವ ಬ್ಯಾಡ ಅಂತಾಳ” ಎಂದು ಅವರು ಬೇಸರಪಟ್ಟರು.

ಹೊಸಬರು ತಪ್ಪುವದು ಇಲ್ಲಿಯೇ. ದೋಷವು ಮೊದಲು ಯಂತ್ರದ್ದೆಂದು ತಿಳಿಯತಕ್ಕದ್ದು. ಮುದ್ರಿಕೆಯನ್ನು ಕಟ್ಟಕಡೆಗೆ ಶಂಕಿಸಬೇಕು. ಏಕೆಂದರೆ ಕೆಟ್ಟ ಯಂತ್ರವನ್ನು ದುರಸ್ತಿ ಮಾಡಬಹುದು, ಕೆರೆದುಹೋದ ಗೆರೆಯನ್ನು ಯಾರೂ ತಿದ್ದಲಾರರು. ಆದುದರಿಂದ ಪರೀಕ್ಷೆಗೆ ಹೋದರೂ ಹೋಗಲಿ ಎನ್ನಬಹುದಾದ ಮುದ್ರಿಕೆಯನ್ನೇ ಬಳಸುವದು.

ಮೊದಲು ವಿದ್ಯುತ್ತಿನ ತಂತಿಯನ್ನು ನೋಡಬೇಕು. ಅದರ ಹೊದಿಕೆ ಬಿರಿದಿದ್ದರೆ ಬಲ್ಲವರಿಂದ ಬದಲಿಸಿದ ಹೊರತು ಹಚ್ಚಕೂಡದು. ಆಮೇಲೆ ಅಲುಗದ ಮೇಜಿನ ಮೇಲೆ ಯಂತ್ರವನ್ನು ಸಮವಾಗಿರಿಸುವದು.

ಎರಡನೆಯದು ವೇಗ. ತಿರುಗುವ ತಟ್ಟೆಯ ಅಂಚಿಗೆ ಕಾಗದದ ಚೂರೊಂದನ್ನು ಅಂಟಿಸಿ ಗಡಿಯಾರ ಹಿಡಿದು ಎಣಿಸಿರಿ. 78ರ ವೇಗದಲ್ಲಿ 10 ಸೆಕೆಂಡಿಗೆ 13 ಸುತ್ತು, 33ರ ವೇಗದಲ್ಲಿ 3 ನಿಮಿಷಕ್ಕೆ 100 ಸುತ್ತು ಬರಬೇಕು. ಗೆಳೆಯರ ಯಂತ್ರದಲ್ಲಿ 13ಕ್ಕೆ ಬದಲು 11 ಬಂದವು. ನರಳಾಟದ ಕಾರಣ ತಿಳಿಯಿತು. ತಂತಿಯನ್ನು ಕಿತ್ತಿಟ್ಟು ತಟ್ಟೆಯನ್ನೆತ್ತಿದೆವು. ನಡುಗಂಬದ ಎಣ್ಣೆ ಒಣಗಿ ಅಂಟಾಗಿತ್ತು. ತಟ್ಟೆಯನ್ನು ತಿರುಗಿಸುವ ರಬ್ಬರಿನ ಗಾಲಿ ನುಣುಪೇರಿ ಜಾರುತ್ತಿತ್ತು. ಕಂಬವನ್ನು ಒರೆಸಿ ಒಂದು ಹನಿ ತೆಳುವಾದ ಎಣ್ಣೆ ಬಿಟ್ಟೆವು. ಗಾಲಿಯನ್ನು ಸ್ಪಿರಿಟ್ಟಿನಿಂದ ಒರೆಸಿದೆವು. ಗಾಲಿಗೆ ಎಣ್ಣೆ ಸೋಕಬಾರದು.

ಆದರೆ ಅದೇ ಸ್ಪಿರಿಟ್ಟನ್ನು 78ರ ಮುದ್ರಿಕೆಗೆ ಎಂದೂ ಮುಟ್ಟಿಸಕೂಡದು. ಆ ಮುದ್ರಿಕೆಗಳಲ್ಲಿ ಅರಗು ಸೇರಿದೆ. ಸ್ಪಿರಿಟ್ಟಿನಲ್ಲಿ ಅರಗು ಕರಗುವದು. ನಾವೇ ಹಿಂದೊಮ್ಮೆ ಅತಿ ಉತ್ಸಾಹದಿಂದ ಹೀಗೆ ಒರೆಸಿ ಒಳ್ಳೆಯ ಮುದ್ರಿಕೆಯೊಂದನ್ನು ಕಳೆದುಕೊಂಡು ಪಶ್ಚಾತ್ತಾಪಪಟ್ಟಿದ್ದೇವೆ. ಮೆತ್ತನೆಯ ಕುಂಚದಿಂದ ಗೆರೆಯ ಗುಂಟ ಧೂಳು ತೆಗೆದರೆ ಸಾಕು.

ಮೂರನೆಯದು ಸೂಜಿ. 78ರ ಗೆರೆ ಅಗಲವಾದದ್ದು. ಅದಕ್ಕೆ ತುದಿಯ ದುಂಡು ಸುಮಾರು ಇಂಚಿನ ಸಾವಿರದ 3 ಭಾಗವಿರುವ ಸೂಜಿ ಬೇಕು. 1948ರಲ್ಲಿ ಬಂದ ದೀರ್ಘ ಮುದ್ರಿಕೆಗಳಿಗೆ ಸಾವಿರದ 1 ಭಾಗ ಅಥವಾ ಅದಕ್ಕೂ ಕಿರಿದಾದದ್ದು. ಕಿರಿಸೂಜಿಯು ಅಗಲ ಗೆರೆಯ ತಳಕ್ಕಿಳಿದು ಅಲ್ಲಿಯ ಕಸವನ್ನೇ ಕೆರೆಯುವದು. ಎಷ್ಟೋ ಹಳೆಯ ಯಂತ್ರಗಳಲ್ಲಿ ಎರಡೂ ಸೂಜಿಗಳಿದ್ದು, ಸಣ್ಣ ಕೀಲೊಂದನ್ನು ಹೊರಳಿಸಿದರೆ ಬದಲಾಗುವವು. ಗೆಳೆಯರ ಕೀಲು ದೀರ್ಘ ಮುದ್ರಿಕೆಯ ಕಡೆಗಿತ್ತು. ಒಗ್ಗರಣೆಯ ಸದ್ದಿನ ಮೂಲ ಅದೇ. ಸವೆದ ಸೂಜಿಯಾದರೆ ಹೊಸದನ್ನು ತರಿಸುವದೇ ಸರಿ.

ನಾಲ್ಕನೆಯದು ಭಾರ. ಸೂಜಿ ಜಿಗಿದಾಗ ಅದರ ತಲೆಯ ಮೇಲೆ ನಾಣ್ಯವಿಡುವವರಿದ್ದಾರೆ. ಗೆರೆಯನ್ನು ಉತ್ತುಹಾಕುವ ಉಪಾಯವದು. ಪತ್ತಾರರು ಬಳಸುವಂಥ ಚಿಕ್ಕ ತಕ್ಕಡಿಯಲ್ಲಿ ತೂಗಿ ನೋಡಿರಿ. ಆ ಕಾಲದ ಸಿರಾಮಿಕ್ ಸೂಜಿತಲೆಗೆ ಸಾಮಾನ್ಯವಾಗಿ 4ರಿಂದ 6 ಗ್ರಾಮ್ ಭಾರ ಸಾಕು. ಕೀಲಿ ಕೊಡುವ ಗ್ರಾಮಾಫೋನಿನ ತಲೆಯ ಭಾರ 100 ಗ್ರಾಮಿಗೂ ಮಿಕ್ಕಿರುವದರಿಂದ ಅದರಲ್ಲಿ ದೀರ್ಘ ಮುದ್ರಿಕೆಯನ್ನು ಇಡಲೇಕೂಡದು. 78ರ ಮುದ್ರಿಕೆಗಾದರೂ ಒಂದೊಂದು ಮಗ್ಗುಲಿಗೆ ಹೊಸ ಉಕ್ಕಿನ ಸೂಜಿ ಬೇಕು.

ಇಷ್ಟಾದ ಮೇಲೆ ಖಾನ್‌ಸಾಹೇಬರ ಮುದ್ರಿಕೆಯನ್ನಿಟ್ಟೆವು. ಸರಸರ ಶಬ್ದ ಪೂರ್ತಿ ಹೋಗಲಿಲ್ಲ, ವಯಸ್ಸಾದ ಮುದ್ರಿಕೆಗೆ ಅದು ಸಹಜ. ಆದರೆ ಕಂಠ ನಿಚ್ಚಳವಾಗಿ ಕೇಳಿಸಿತು. ಗೆಳೆಯರ ತಾಯಿಯವರು ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ಕುಳಿತು ಮೂರು ನಿಮಿಷ ಕೇಳಿದರು. ಹಾಡು ಮುಗಿದೊಡನೆ, “ಇನ್ನೊಂದು ಮಗ್ಗಲಾ ಹಚ್ಚಪಾ” ಎಂದರು.

ಮನೆಯಲ್ಲಿ ಇಂಥ ಯಂತ್ರವುಳ್ಳ ಗೃಹಸ್ಥರು ಅವಸರಪಡದೆ ಈ ಕ್ರಮವನ್ನು ಅನುಸರಿಸಲಿ. ಮುದ್ರಿಕೆಗಳನ್ನು ಬಿಸಿಲು ತಾಗದಂತೆ ನೆಟ್ಟಗೆ ನಿಲ್ಲಿಸಿಡಲಿ. ರದ್ದಿಯವನನ್ನು ಕರೆಯುವದು ಯಾವಾಗಲೂ ಇದ್ದೇ ಇದೆ.